ಗುಣವಾಗುವ ದಿನಗಳಲ್ಲಿ ಕುಗ್ಗುವ ಮನಸ್ಸು

ಕಾಲಿನ ಮೂಳೆ ಮುರಿದವನಿಗೆ ಕಟ್ಟು ಬಿಚ್ಚಿದ ದಿನವೇ ನೇಗಿಲು ಹಿಡಿಯೆಂದು ಯಾರೂ ಹೇಳುವುದಿಲ್ಲ. ಮೂಳೆ ಕೂಡಿಕೊಂಡಿದ್ದರೂ ಕಾಲಿಗೆ ಬಲ ಬಂದಿರುವುದಿಲ್ಲ ಎಂಬುದನ್ನು ಎಲ್ಲರೂ ಬಲ್ಲರು. ಆತ ಮೊದಲು ಗೋಡೆ ಹಿಡಿದು ನಡೆಯುತ್ತಾನೆ, ಅನಂತರ ಅಂಗಳದವರೆಗೆ, ಆಮೇಲೆ ಹೊಲದ ಬದುವಿನವರೆಗೆ. ಮನೆಯವರು ತಾಳ್ಮೆಯಿಂದ ಕಾಯುತ್ತಾರೆ. ಆದರೆ ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರ ವಿಷಯದಲ್ಲಿ ಈ ತಾಳ್ಮೆ ನಮಗೆ ಇರುವುದಿಲ್ಲ. ಕಾಯಿಲೆಯಾದವರಿಗೂ ತಮ್ಮ ಬಗ್ಗೆ ಅದು ಇರುವುದಿಲ್ಲ.

ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಮೂವತ್ತರ ಆಸುಪಾಸಿನ ಗೃಹಿಣಿ. ಎರಡು ವರ್ಷಗಳ ಕಾಲ ಆಕೆಗೆ ಕೈ ತೊಳೆಯುವುದೇ ಕೆಲಸವಾಗಿತ್ತು. ಕೊಟ್ಟಿಗೆಯಿಂದ ಬಂದರೆ ಸ್ನಾನ, ಬೀದಿಯಿಂದ ಬಂದರೆ ಸ್ನಾನ. ಬೆರಳ ಸಂದುಗಳು ಬಿರಿದು ರಕ್ತ ಜಿನುಗಿದರೂ ಕೊಳೆ ಹೋಗಲಿಲ್ಲವೆಂಬ ಸಂಶಯ. ರಾತ್ರಿ ಮಲಗಿದ ಮೇಲೆ “ರೀ, ಗ್ಯಾಸ್ ಆರಿಸಿದ್ದೀನಾ, ಒಂದು ಸಲ ನೋಡಿ” ಎಂದು ಪತಿಯನ್ನು ನಾಲ್ಕೈದು ಬಾರಿ ಎಬ್ಬಿಸುತ್ತಿದ್ದರು. ಕೊನೆಗೆ ಜಿಲ್ಲಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಆರಂಭವಾಯಿತು. ನಾಲ್ಕು ತಿಂಗಳಲ್ಲಿ ತೊಳೆಯುವುದು ಬಹುಪಾಲು ಇಳಿಯಿತು. ಮನೆಯವರೆಲ್ಲ ಗುಣವಾಯಿತೆಂದು ಸಂತೋಷಪಟ್ಟರು.

ಆದರೆ ಆಕೆಗೆ ಮಾತ್ರ ಸಂತೋಷವಿಲ್ಲ. ಬೆಳಗಿನ ಜಾವಕ್ಕೇ ಎಚ್ಚರವಾಗುತ್ತದೆ. ಎದೆಯ ಮೇಲೆ ಕಲ್ಲು ಹೇರಿದಂತೆ ಭಾರ. ಎದ್ದು ಒಲೆ ಹಚ್ಚಲೂ ಮನಸ್ಸಿಲ್ಲ. “ಗುಣವಾಯಿತಲ್ಲ, ಇನ್ನೇಕೆ ಮೋರೆ ಸಪ್ಪಗೆ ಮಾಡಿಕೊಂಡಿದ್ದೀಯೆ?” ಎಂದು ಪತಿ ಕೇಳುತ್ತಾರೆ. ಕಾಯಿಲೆ ಮರಳಿ ಬಂದಿತೆಂದು ಆಕೆಗೆ ಭಯ. ಒಂದು ಬೆಳಿಗ್ಗೆ, “ಇಷ್ಟು ದಿನ ಮಾತ್ರೆ ನುಂಗಿ ಏನು ಬಂತು?” ಎಂದು ಮಾತ್ರೆಗಳನ್ನು ಅಕ್ಕಿ ಡಬ್ಬಿಯ ಹಿಂದೆ ತಳ್ಳಿಬಿಡುತ್ತಾರೆ.

ಈ ಲೇಖನ ಆ ಬೆಳಗನ್ನು ಕುರಿತದ್ದು. ಚೆನ್ನಾಗಿ ನಡೆಯುತ್ತಿದ್ದ ಚಿಕಿತ್ಸೆ ಕೈಬಿಟ್ಟು ಹೋಗುವುದು ಇಂಥ ಬೆಳಗುಗಳಲ್ಲಿಯೇ. ಅದನ್ನು ದಾಟಿಸುವ ಶಕ್ತಿ ಪತಿಪತ್ನಿಯರಿಬ್ಬರ ಕೈಯಲ್ಲಿದೆ.

ಕಾಯಿಲೆಯ ಸ್ವರೂಪ

ಆತಂಕ ಎಲ್ಲರಿಗೂ ಇರುವಂಥದೇ. ಮಳೆ ತಡವಾದರೆ, ಮಗುವಿಗೆ ಜ್ವರ ಬಂದರೆ ಕಳವಳವಾಗುವುದು ಸಹಜ. ಕಾರಣವಿಲ್ಲದೆಯೂ, ಅಥವಾ ಕಾರಣ ತೀರಿದ ಮೇಲೆಯೂ ಎದೆಬಡಿತ, ಬೆವರು, ಕೈನಡುಕ, ನಿದ್ರಾಭಂಗಗಳು ತಿಂಗಳುಗಟ್ಟಲೆ ಉಳಿದರೆ ಅದು ಆತಂಕದ ಕಾಯಿಲೆ. ಬೇಡವೆಂದರೂ ಒಂದೇ ಯೋಚನೆ ಮತ್ತೆ ಮತ್ತೆ ನುಗ್ಗಿ ಬಂದು, ಅದನ್ನು ಶಮನಗೊಳಿಸಲು ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡಬೇಕೆನಿಸಿದರೆ ಅದು ಗೀಳಿನ ಕಾಯಿಲೆ. ಕೆಲವರಿಗೆ ಕೊಳೆಯ ಭಯ. ಕೆಲವರಿಗೆ ಬೀಗ, ಒಲೆ, ಪಂಪ್‌ಸೆಟ್ಟಿನ ಸ್ವಿಚ್ಚಿನ ಬಗ್ಗೆ ಸಂಶಯ. ಕೆಲವರಿಗೆ ದೇವರ ಮುಂದೆ ಕೈಮುಗಿದು ನಿಂತಾಗಲೇ ಹೇಳಬಾರದ ಮಾತು ಮನಸ್ಸಿಗೆ ಬರುತ್ತದೆ. ಇದು ಪಾಪದ ಫಲವಲ್ಲ, ಗಾಳಿಯ ಸೋಂಕಲ್ಲ, ಸ್ವಭಾವದ ದೋಷವೂ ಅಲ್ಲ. 2015–16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ ಸಮೀಕ್ಷೆಯಲ್ಲಿ, ಸಾವಿರ ವಯಸ್ಕರಲ್ಲಿ ಸುಮಾರು ಎಂಟು ಮಂದಿಗೆ ಗೀಳಿನ ಕಾಯಿಲೆ ಇರುವುದು ಕಂಡುಬಂದಿತು. ಅಂದಮೇಲೆ ದೊಡ್ಡ ಊರೊಂದರಲ್ಲಿ ಇಂಥವರು ಕೆಲವರಾದರೂ ಇದ್ದೇ ಇರುತ್ತಾರೆ. ನಾಚಿಕೆಯಿಂದ ಹೇಳಿಕೊಂಡಿರುವುದಿಲ್ಲ, ಅಷ್ಟೆ.

ಗೀಳು ನಡೆಯುವ ರೀತಿ ಬಡ್ಡಿ ಸಾಲದಂತೆ. ಸಂಶಯ ಬಂದಾಗ ಕೈ ತೊಳೆದರೆ ತಕ್ಷಣ ಸಮಾಧಾನ ದೊರೆಯುತ್ತದೆ. ಅದು ಸಾಲದ ಹಣ. ಸ್ವಲ್ಪ ಹೊತ್ತಿನಲ್ಲಿ ಸಂಶಯ ಬಡ್ಡಿ ಸಹಿತ ಮರಳಿ ಬರುತ್ತದೆ. ಮತ್ತೆ ತೊಳೆಯಬೇಕು. ಸಾಲ ತೀರುವ ಮಾರ್ಗ ಒಂದೇ: ಹೊಸ ಸಾಲ ಮಾಡದಿರುವುದು. ಸಂಶಯ ಬಂದರೂ ತೊಳೆಯದೆ, ನೋಡದೆ, ಕೇಳದೆ ಉಳಿದುಕೊಂಡರೆ ಕಳವಳ ಮೊದಲು ಏರಿ, ಅನಂತರ ತಾನಾಗಿಯೇ ಇಳಿಯುತ್ತದೆ. ಒಮ್ಮೆಗೇ ಇಳಿಯದಿದ್ದರೂ ಅಭ್ಯಾಸ ಮಾಡಿದಂತೆಲ್ಲ ಅದರ ಕಾಟ ಕಡಿಮೆಯಾಗುತ್ತದೆ. ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಅವರು 1966ರಲ್ಲಿ ಪ್ರಕಟಿಸಿದ ಈ ವಿಧಾನವೇ ಬೆಳೆದು ಇಂದಿನ ವರ್ತನ ಚಿಕಿತ್ಸೆಯಾಗಿದೆ. ಇದರ ಜೊತೆಗೆ, ಅಥವಾ ಇದಕ್ಕೆ ಅನುಕೂಲವಿಲ್ಲದ ಕಡೆ ಪ್ರತ್ಯೇಕವಾಗಿ, ಮಾತ್ರೆಗಳನ್ನು ಕೊಡುತ್ತಾರೆ.

ಗುಣವಾಗುತ್ತಿರುವಾಗ ಮನಸ್ಸು ಕುಗ್ಗುವುದೇಕೆ?

ಕಾಯಿಲೆ ಇಳಿಯುತ್ತಿರುವಾಗ ಮನಸ್ಸು ಹಗುರವಾಗಬೇಕಲ್ಲವೆ ಎಂದು ನೀವು ಕೇಳಬಹುದು. ಕುಗ್ಗುವುದಕ್ಕೆ ಕಾರಣಗಳು ಹಲವು.

ಮೊದಲನೆಯದು ಆಯಾಸ. ತೊಳೆಯಬೇಕೆಂಬ ಒತ್ತಡವನ್ನು ದಿನವೂ ತಡೆದು ನಿಲ್ಲುವುದು ಹೊಲದ ದುಡಿಮೆಗಿಂತ ಹಗುರವಾದ ಕೆಲಸವಲ್ಲ. ಹೊರಗಿನವರಿಗೆ ಅದು ಕಾಣುವುದಿಲ್ಲ.

ಎರಡನೆಯದು ಖಾಲಿಯಾದ ಹೊತ್ತು. ದಿನಕ್ಕೆ ನಾಲ್ಕೈದು ಗಂಟೆ ತೊಳೆಯುವುದರಲ್ಲಿ ಕಳೆಯುತ್ತಿದ್ದವರಿಗೆ ಆ ಗಂಟೆಗಳು ಮರಳಿ ದೊರೆತಾಗ ಅವುಗಳಲ್ಲಿ ಏನು ಮಾಡಬೇಕೆಂಬುದು ತೋಚುವುದಿಲ್ಲ. ಕಳೆ ಕಿತ್ತ ಪಾತಿಯಲ್ಲಿ ಬೇರೇನನ್ನೂ ಬಿತ್ತದಿದ್ದರೆ ಮತ್ತೆ ಕಳೆಯೇ ಏಳುತ್ತದೆ.

ಮೂರನೆಯದು ಕಳೆದುಹೋದ ಕಾಲದ ದುಃಖ. ಕಾಯಿಲೆಯ ಗದ್ದಲ ಇಳಿದಾಗ, ಮಕ್ಕಳನ್ನು ಎತ್ತಿಕೊಳ್ಳದೆ ದೂರವಿಟ್ಟದ್ದು, ನೆಂಟರ ಮನೆಯ ಮದುವೆಗೆ ಹೋಗದೆ ಉಳಿದದ್ದು, ಗಂಡನ ಮೇಲೆ ರೇಗಿದ್ದು ಎಲ್ಲವೂ ನೆನಪಾಗುತ್ತವೆ.

ನಾಲ್ಕನೆಯದು, ಖಿನ್ನತೆಯೇ ಗೀಳಿನ ಮತ್ತು ಆತಂಕದ ಜೊತೆಗಾರ. ಈ ಕಾಯಿಲೆ ಇರುವ ಅನೇಕರಲ್ಲಿ ಖಿನ್ನತೆಯೂ ಸೇರಿಕೊಂಡಿರುತ್ತದೆ. ಅದರ ಒಂದು ಲಕ್ಷಣವೆಂದರೆ ಬೆಳಿಗ್ಗೆ ಭಾರ ಹೆಚ್ಚು. ಹೊತ್ತು ಏರಿದಂತೆ, ಸಂಜೆಯ ವೇಳೆಗೆ, ಕೊಂಚ ಹಗುರ.

ಜೊತೆಗೆ ಇನ್ನೊಂದು ವಿಷಯವನ್ನು ತಿಳಿದಿರಬೇಕು. ಗೀಳಿಗೆ ಕೊಡುವ ಮಾತ್ರೆಗಳ ಫಲ ತಕ್ಷಣ ಕಾಣುವುದಿಲ್ಲ. ಸರಿಯಾದ ಪ್ರಮಾಣದಲ್ಲಿ 8ರಿಂದ 12 ವಾರ ತೆಗೆದುಕೊಂಡ ಮೇಲೆಯೇ ಅವುಗಳ ಗುಣವನ್ನು ಅಳೆಯಲು ಸಾಧ್ಯ. ಸುಧಾರಣೆಯೂ ನೇರವಾಗಿ ಏರುವುದಿಲ್ಲ. ನಾಲ್ಕು ದಿನ ಹಗುರ, ಒಂದು ದಿನ ಭಾರ. ಹೀಗೆ ಏರಿಳಿಯುತ್ತಲೇ ಮೇಲಕ್ಕೆ ಸಾಗುತ್ತದೆ. ಆದುದರಿಂದ ಒಂದು ಕೆಟ್ಟ ಬೆಳಗನ್ನು ಹಿಂದಿನ ದಿನದೊಡನೆ ಹೋಲಿಸಬಾರದು. ಚಿಕಿತ್ಸೆ ಆರಂಭವಾದ ತಿಂಗಳಿನೊಡನೆ ಹೋಲಿಸಬೇಕು.

ಮನಸ್ಸು ಏಳಲೆಂದು ಕಾಯಬೇಡಿ

“ಮನಸ್ಸಿದ್ದರೆ ಮಾರ್ಗ” ಎಂಬುದು ಗಾದೆ. ಆದರೆ ಕುಗ್ಗಿದ ದಿನಗಳಲ್ಲಿ ಇದನ್ನು ತಿರುಗಿಸಿ ಓದಿಕೊಳ್ಳಬೇಕು: ಮೊದಲು ಮಾರ್ಗದಲ್ಲಿ ಹೆಜ್ಜೆ ಇಡಿ, ಮನಸ್ಸು ಹಿಂದಿನಿಂದ ಬರುತ್ತದೆ. ಉತ್ಸಾಹ ಬಂದ ಮೇಲೆ ಏಳುತ್ತೇನೆಂದು ಮಲಗಿದವರಿಗೆ ಉತ್ಸಾಹ ಬರುವುದಿಲ್ಲ. ಎದ್ದು ಹತ್ತು ನಿಮಿಷ ಕೈಯಾಡಿಸಿದವರಿಗೆ ಹನ್ನೊಂದನೆಯ ನಿಮಿಷ ಕೊಂಚ ಸುಲಭವಾಗುತ್ತದೆ. ಇದು ಬರಿಯ ಉಪದೇಶವಲ್ಲ. ಖಿನ್ನತೆಗೆ ವೈದ್ಯಶಾಸ್ತ್ರವು ಒಪ್ಪಿರುವ ಒಂದು ಚಿಕಿತ್ಸಾಕ್ರಮವೇ ಇದನ್ನು ಆಧರಿಸಿದೆ.

ದಿನಕ್ಕೆ ಮೂರು ಕೆಲಸಗಳನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಳ್ಳಿ.

ಒಂದು, ಮೈಗೆ ಸಂಬಂಧಿಸಿದ್ದು: ಬೆಳಗಿನ ಬಿಸಿಲಿನಲ್ಲಿ ತೋಟದವರೆಗೆ ನಡೆದು ಬರುವುದು, ಹಸುವಿಗೆ ಮೇವು ಹಾಕುವುದು.

ಎರಡು, ಮನೆಗೆ ಸಂಬಂಧಿಸಿದ್ದು: ಅವರೆಕಾಯಿ ಸುಲಿಯುವುದು, ಮಗುವಿನ ತಲೆ ಬಾಚುವುದು, ಹರಿದ ಅಂಗಿಗೆ ಗುಂಡಿ ಹಾಕುವುದು.

ಮೂರು, ಮನಸ್ಸಿಗೆ ಹಿತವಾದದ್ದು: ನೆರೆಮನೆಯವರೊಡನೆ ಜಗಲಿಯ ಮೇಲೆ ಕುಳಿತು ಮಾತನಾಡುವುದು, ರೇಡಿಯೋದಲ್ಲಿ ಹಾಡು ಕೇಳುವುದು, ಹೂ ಕಟ್ಟುವುದು.

ಕೆಲಸ ಚಿಕ್ಕದಾಗಿರಲಿ. ಇಡೀ ಹೊಲದ ಕಳೆ ಕೀಳುತ್ತೇನೆನ್ನಬೇಡಿ. ಒಂದು ಸಾಲು ಎಂದುಕೊಳ್ಳಿ. ಮುಗಿದ ಕೆಲಸಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಿ. ಹನಿಗೂಡಿದರೆ ಹಳ್ಳವೆಂಬ ಮಾತು ತಿಂಗಳ ಕೊನೆಯಲ್ಲಿ ಆ ಗೀಟುಗಳನ್ನು ನೋಡಿದಾಗ ಮನವರಿಕೆಯಾಗುತ್ತದೆ. ಆದರೆ ಕೊಳೆಯ ಗೀಳಿದ್ದವರು ಪಾತ್ರೆ ತಿಕ್ಕುವುದನ್ನೋ ನೆಲ ಸಾರಿಸುವುದನ್ನೋ ಈ ಮೂರರಲ್ಲಿ ಸೇರಿಸಿಕೊಳ್ಳಬಾರದು. ಅಲ್ಲಿ ಗೀಳು ಕೆಲಸದ ವೇಷದಲ್ಲಿ ಒಳನುಗ್ಗುವ ಸಂಭವವಿದೆ.

ಮಲಗುವ ಮತ್ತು ಏಳುವ ಹೊತ್ತು ದಿನವೂ ಒಂದೇ ಆಗಿರಲಿ. ಬೇಗನೆ ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳುತ್ತ ಯೋಚಿಸುವುದಕ್ಕಿಂತ ಎದ್ದು ಮುಖ ತೊಳೆದು ಹೊರಗೆ ಬರುವುದು ಲೇಸು. ಸಂಜೆಯ ಮೇಲೆ ಕಾಫಿ, ಚಹಾ ಬೇಡ. ಹಸಿವಿಲ್ಲವೆಂದು ಊಟ ಬಿಡಬೇಡಿ; ಅರ್ಧ ಮುದ್ದೆಯಾದರೂ ಸಾರಿನೊಡನೆ ಹೊಟ್ಟೆಗೆ ಬೀಳಲಿ. ಬೇಸರ ಕಳೆಯಲೆಂದು ಮದ್ಯವನ್ನು ಮುಟ್ಟಕೂಡದು. ಅದು ಆ ರಾತ್ರಿಯನ್ನು ಮರೆಸಿ, ಮರುದಿನದ ಆತಂಕವನ್ನೂ ಖಿನ್ನತೆಯನ್ನೂ ಹೆಚ್ಚಿಸುತ್ತದೆ.

ಇನ್ನೊಂದು ಎಚ್ಚರಿಕೆ. “ನನ್ನ ಮನಸ್ಸು ಈಗ ಹೇಗಿದೆ? ಕಾಯಿಲೆ ಮರಳಿ ಬಂದಿತೆ?” ಎಂದು ಗಳಿಗೆಗೊಮ್ಮೆ ಒಳಗೆ ಇಣುಕಿ ನೋಡುವುದೂ ಬೀಗವನ್ನು ಜಗ್ಗಿ ಜಗ್ಗಿ ನೋಡುವಂತೆಯೇ ಒಂದು ಗೀಳು. ಆ ಪ್ರಶ್ನೆಗೆ ಉತ್ತರ ಹುಡುಕಬೇಡಿ. “ಬಂದಿರಬಹುದು, ಬಾರದಿರಬಹುದು, ಈಗ ಅವರೆಕಾಯಿ ಸುಲಿಯಬೇಕು” ಎಂದು ಕೈಯಲ್ಲಿರುವ ಕೆಲಸಕ್ಕೆ ತಿರುಗಿ.

ಬಾಳಸಂಗಾತಿಯ ಪಾತ್ರ

ಕಾಯಿಲೆ ಪತ್ನಿಗಿರಲಿ ಪತಿಗಿರಲಿ, ಜೊತೆಯವರು ಎರಡು ಬಗೆಯ ಮಾತುಗಳನ್ನು ಬೇರ್ಪಡಿಸಿ ಗುರುತಿಸಲು ಕಲಿಯಬೇಕು. ಗೀಳಿನ ಪ್ರಶ್ನೆಗೆ ಉತ್ತರ ಬೇಡ. ದುಃಖದ ಮಾತಿಗೆ ಕಿವಿ ಬೇಕು. ನಾವು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ ನಡೆಯುತ್ತೇವೆ. “ಗ್ಯಾಸ್ ಆರಿಸಿದ್ದೀನಾ?” ಎಂದು ಕೇಳಿದರೆ ಪ್ರೀತಿಯಿಂದ ಹತ್ತು ಸಲ ಎದ್ದು ನೋಡುತ್ತೇವೆ. “ಯಾಕೋ ಯಾವುದೂ ಬೇಡವಾಗಿದೆ” ಎಂದರೆ “ಸುಮ್ಮನಿರು, ಎಲ್ಲ ಸರಿಹೋಗುತ್ತೆ” ಎಂದು ಬಾಯಿ ಮುಚ್ಚಿಸುತ್ತೇವೆ.

ಹತ್ತು ಸಲ ಎದ್ದು ನೋಡುವುದು ಪ್ರೀತಿಯಾದರೂ ಗೀಳಿಗೆ ಅದೇ ಮೇವು. ಆದರೆ ಒಂದೇ ದಿನದಲ್ಲಿ ನಿಲ್ಲಿಸಿಬಿಡುವುದೂ ತರವಲ್ಲ. ಮನಸ್ಸು ಶಾಂತವಾಗಿರುವ ಹೊತ್ತಿನಲ್ಲಿ ಇಬ್ಬರೂ ಕುಳಿತು ಒಪ್ಪಂದ ಮಾಡಿಕೊಳ್ಳಿ: ಈ ವಾರ ಎರಡು ಸಲ ಉತ್ತರ, ಮುಂದಿನ ವಾರ ಒಂದು ಸಲ, ಅನಂತರ ಇಲ್ಲ. ಚಿಕಿತ್ಸಕರ ಸಲಹೆ ಪಡೆದು ಮಾಡಿದರೆ ಇನ್ನೂ ಒಳ್ಳೆಯದು. ಪ್ರಶ್ನೆ ಬಂದಾಗ ರೇಗದೆ, “ಇದು ನಿನ್ನ ಪ್ರಶ್ನೆಯಲ್ಲ, ಗೀಳಿನ ಪ್ರಶ್ನೆ. ಕಷ್ಟವಾಗುತ್ತದೆಂದು ನನಗೆ ಗೊತ್ತು, ನಾನು ಜೊತೆಗಿದ್ದೇನೆ” ಎನ್ನಬಹುದು. ಪಂಪ್‌ಸೆಟ್ಟಿನ ಸ್ವಿಚ್ಚನ್ನು ನೋಡಲು ಮೂರನೆಯ ಸಲ ಹೊರಟ ಪತಿಗೆ, “ಹೋಗದೆ ಇರುವುದು ನಿಮಗೆ ಕಷ್ಟ ಅಂತ ಗೊತ್ತು. ಬನ್ನಿ, ಊಟಕ್ಕೆ ಕೂರೋಣ” ಎಂದು ಪತ್ನಿ ಹೇಳಬಹುದು. ಇಲ್ಲಿ ಕೊಟ್ಟದ್ದು ಉತ್ತರವಲ್ಲ, ಜೊತೆ.

ದುಃಖದ ಮಾತು ಬಂದಾಗ ಮಾತ್ರ ಕೆಲಸ ಬಿಟ್ಟು ಕುಳಿತು ಕೇಳಿ. ಬುದ್ಧಿ ಹೇಳಬೇಡಿ, ಬೇರೆಯವರೊಡನೆ ಹೋಲಿಸಬೇಡಿ. “ಹೊಟ್ಟೆಬಟ್ಟೆಗೆ ಏನು ಕಡಿಮೆಯಾಗಿದೆ?” ಎಂದು ಕೇಳಬೇಡಿ. ಕೇಳಿದ ಮೇಲೆ, ಗೊತ್ತುಮಾಡಿಕೊಂಡ ಆ ಚಿಕ್ಕ ಕೆಲಸವನ್ನು ಇಬ್ಬರೂ ಸೇರಿ ಆರಂಭಿಸಿ. “ಹೋಗಿ ನಡೆದು ಬಾ” ಎನ್ನುವುದಕ್ಕಿಂತ “ಬಾ, ನಡೆದು ಬರೋಣ” ಎನ್ನುವುದು ಮೇಲು. ಅತ್ತೆಮಾವಂದಿರಿಗೂ ಮನೆಯ ಹಿರಿಯರಿಗೂ ವಿಷಯವನ್ನು ತಿಳಿಸಿ ಹೇಳುವ ಹೊಣೆ ಸಂಗಾತಿಯದೇ. ಸೋಮಾರಿತನವೆಂಬ ಒಂದು ಚುಚ್ಚುಮಾತು ಒಂದು ವಾರದ ಪ್ರಯತ್ನವನ್ನು ಕೆಡಿಸಬಲ್ಲದು. ನೋಡಿಕೊಳ್ಳುವವರಿಗೂ ದಣಿವಾಗುತ್ತದೆ. ವಾರಕ್ಕೊಮ್ಮೆಯಾದರೂ ಅವರಿಗೂ ಬಿಡುವಿರಲಿ.

ಮಾತ್ರೆಗಳ ವಿಷಯ

ಫ್ಲೂಆಕ್ಸೆಟಿನ್, ಸರ್ಟ್ರಲಿನ್, ಕ್ಲೋಮಿಪ್ರಮಿನ್ ಮುಂತಾದ ಔಷಧಿಗಳನ್ನು ಗೀಳಿಗೆ ಕೊಡುತ್ತಾರೆ. ಇವು ಚಟ ಹಿಡಿಸುವ ಔಷಧಿಗಳಲ್ಲ. ಆದರೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ನಿದ್ರೆಗೇಡು ಕಾಣಿಸಿಕೊಳ್ಳಬಹುದು, ಕಾಯಿಲೆಯೂ ಮರುಕಳಿಸಬಹುದು. ಗುಣ ಕಂಡ ಮೇಲೂ ಸಾಮಾನ್ಯವಾಗಿ ಒಂದೆರಡು ವರ್ಷ ಮುಂದುವರಿಸಿ, ವೈದ್ಯರ ಸೂಚನೆಯಂತೆ ನಿಧಾನವಾಗಿ ಇಳಿಸಬೇಕು. ನಿದ್ರೆಗೆಂದು ಕೊಡುವ ಆಲ್‌ಪ್ರಜೋಲಾಮ್, ಡಯಾಜೆಪಾಮ್ ಬಗೆಯ ಮಾತ್ರೆಗಳು ಬೇರೆ, ಅವು ಅಭ್ಯಾಸವಾಗಬಲ್ಲವು. ಅವನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಸೇವಿಸಬೇಕು. ಅವನ್ನು ದೀರ್ಘಕಾಲ ಸೇವಿಸಿದ್ದರೆ ತಾವಾಗಿಯೇ ಒಮ್ಮೆಗೇ ಬಿಡದೆ ವೈದ್ಯರನ್ನು ಕೇಳಬೇಕು.

ಗೀಳಿನ ಮಾತ್ರೆಗಳಿಂದ ಕೆಲವರಲ್ಲಿ ದಾಂಪತ್ಯದ ಆಸಕ್ತಿ ತಗ್ಗುವುದುಂಟು. ಇದನ್ನು ಪ್ರೀತಿ ಕಡಿಮೆಯಾಯಿತೆಂದು ತಪ್ಪು ತಿಳಿಯಬಾರದು. ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನಾಗಲಿ ಔಷಧಿಯನ್ನಾಗಲಿ ಬದಲಿಸುವ ದಾರಿಗಳಿವೆ. ಮಗು ಬೇಕೆಂದು ಯೋಚಿಸುತ್ತಿರುವವರು ಮೊದಲೇ ವೈದ್ಯರೊಡನೆ ಮಾತನಾಡಬೇಕು. ಗರ್ಭ ನಿಂತಿತೆಂದು ತಿಳಿದೊಡನೆ ಹೆದರಿ ತಾವೇ ಮಾತ್ರೆ ಬಿಡಬಾರದು. ಯಾವುದು ತಾಯಿಗೂ ಮಗುವಿಗೂ ಕ್ಷೇಮವೆಂಬುದನ್ನು ವೈದ್ಯರು ತೂಗಿ ನೋಡಿ ಹೇಳುತ್ತಾರೆ.

ಹೆರಿಗೆಯ ನಂತರ ಗೀಳು ಹೊಸದಾಗಿ ಕಾಣಿಸಿಕೊಳ್ಳಬಹುದು, ಇದ್ದದ್ದು ಹೆಚ್ಚಲೂಬಹುದು. ಮಗುವಿಗೆ ತನ್ನ ಕೈಯಿಂದಲೇ ಕೇಡಾದೀತೆಂಬ ಬೇಡದ ಯೋಚನೆ ಬಂದು ಬಾಣಂತಿ ಬೆಚ್ಚಿಬೀಳುತ್ತಾಳೆ. ಆ ಯೋಚನೆಗೆ ಹೆದರುವ ತಾಯಿಯನ್ನು ಕೆಟ್ಟವಳೆಂದು ದೂರಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಆದರೆ ಬಾಣಂತಿ ನಿದ್ರೆಯಿಲ್ಲದೆ ಅಸಂಬದ್ಧವಾಗಿ ಮಾತನಾಡಿದರೆ, ಇಲ್ಲದ ದನಿ ಕೇಳುತ್ತಿದೆಯೆಂದರೆ, ತಾಯಿಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು.

ಯಾವಾಗ ತಡಮಾಡಬಾರದು?

ಏರಿಳಿತ ಸಹಜವೆಂದು ಹೇಳಿದೆವು. ಆದರೆ ಎರಡು ವಾರ ಕಳೆದರೂ ದಿನದ ಬಹುಭಾಗ ಮಂಕು ಕವಿದೇ ಇದ್ದರೆ, ಊಟನಿದ್ರೆ ಕೆಟ್ಟು ಮೈ ಇಳಿಯುತ್ತಿದ್ದರೆ, ಬಿಟ್ಟಿದ್ದ ತೊಳೆಯುವಿಕೆ ದಿನೇ ದಿನೇ ಹೆಚ್ಚುತ್ತಿದ್ದರೆ, ಮುಂದಿನ ತಾರೀಖಿಗೆ ಕಾಯದೆ ವೈದ್ಯರನ್ನು ಕಾಣಿರಿ. “ನಾನಿದ್ದು ಏನು ಪ್ರಯೋಜನ” ಎಂಬ ಮಾತು ಬಂದರೆ ಅದನ್ನು ಹಗುರವಾಗಿ ಎಣಿಸಬಾರದು. ಸಾಯುವ ಯೋಚನೆ ಇದೆಯೆ ಎಂದು ನೇರವಾಗಿ, ಮೃದುವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಂಥವರನ್ನು ಒಂಟಿಯಾಗಿ ಬಿಡಬೇಡಿ. ಬೆಳೆಗೆ ಸಿಂಪಡಿಸುವ ಔಷಧಿಯನ್ನು ಮನೆಯಿಂದ ಹೊರಗೆ, ಅವರ ಕೈಗೆ ಸಿಗದಂತೆ ಬೀಗದೊಳಗಿಡಿ. ಮಾತ್ರೆಗಳನ್ನು ಸಂಗಾತಿಯೇ ಇಟ್ಟುಕೊಂಡು ದಿನದಿನಕ್ಕೆ ಕೊಡಲಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಚಿಕಿತ್ಸೆಗೆ ದೂರದ ನಗರಕ್ಕೇ ಹೋಗಬೇಕಾಗಿದ್ದ ಕಾಲವೊಂದಿತ್ತು. ಹಳ್ಳಿಗಳ ಬಳಿಗೇ ಮನೋವೈದ್ಯ ಸೇವೆಯನ್ನು ಒಯ್ಯುವ ಪ್ರಯೋಗ 1985ರಿಂದ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಯಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಇಂದು ಆಶಾ ಕಾರ್ಯಕರ್ತೆಯನ್ನಾಗಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನಾಗಲಿ ಕೇಳಿದರೆ ಜಿಲ್ಲಾ ಆಸ್ಪತ್ರೆಯ ದಾರಿ ತೋರಿಸುತ್ತಾರೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಮೊದಲು ಹೇಳಿದ ಆ ಸಂಸಾರಕ್ಕೆ ಮರಳೋಣ. ಪತಿ ಅಕ್ಕಿ ಡಬ್ಬಿಯ ಹಿಂದಿನ ಮಾತ್ರೆಗಳನ್ನು ಕಂಡರೆನ್ನಿ. ಗದರಿದರೆ ಆಕೆ ಇನ್ನಷ್ಟು ಮುದುಡುತ್ತಾರೆ; ನೋಡಿಯೂ ಸುಮ್ಮನಾದರೆ ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ. ಬದಲಿಗೆ ಅವರು ಒಂದು ಲೋಟ ನೀರು ತಂದು ಪಕ್ಕದಲ್ಲಿ ಕುಳಿತು, “ಬೆಳಿಗ್ಗೆ ಹೊತ್ತು ನಿನಗೆ ಬಹಳ ಭಾರ ಅಂತ ಈಗ ತಿಳೀತು. ಇವತ್ತಿನ ಮಾತ್ರೆ ತೊಗೋ. ಆಮೇಲೆ ಇಬ್ಬರೂ ತೋಟದವರೆಗೆ ಹೋಗಿ ಬರೋಣ. ನಾಳೆ ಡಾಕ್ಟರ ಹತ್ತಿರ ಇದನ್ನೂ ಹೇಳೋಣ” ಎಂದರೆ ಸಾಕು. ಆ ದಿನವೇ ಆಕೆಯ ಮುಖ ಅರಳಲಾರದು. ಆದರೆ ಒಂದು ಕೆಟ್ಟ ಬೆಳಗು ದಾಟಿದಂತಾಗುತ್ತದೆ. ಗುಣವಾಗುವುದೆಂದರೆ ಇಂಥ ಬೆಳಗುಗಳನ್ನು ಒಂದೊಂದಾಗಿ ದಾಟುವುದೇ. ನಿಮ್ಮ ಮನೆಯಲ್ಲಿ ಅಂಥ ಬೆಳಗು ಬಂದರೆ ಒಬ್ಬರನ್ನೊಬ್ಬರು ದೂರದೆ ಆ ದಿನದ ಮಾತ್ರೆಯನ್ನೂ ಆ ದಿನದ ಚಿಕ್ಕ ಕೆಲಸವನ್ನೂ ತಪ್ಪಿಸದೆ ಮುಂದೆ ನಡೆಯಿರಿ.